ಬಳ್ಳಾರಿಯ ಬಿಸಿಲಿನಲ್ಲಿ ಪ್ಲಗ್-ಇನ್ ಹೈಬ್ರಿಡ್ ಕಾರನ್ನು ಸಾಕುವ ಬಗೆ

ಪ್ಲಗ್-ಇನ್ ಹೈಬ್ರಿಡ್ ಕಾರು ಕೊಳ್ಳಲೇ ಎಂದು ಕೇಳುವವರಿಗೆ ನಾನು ಮೊದಲು ಹಾಕುವ ಪ್ರಶ್ನೆ ಒಂದೇ: ರಾತ್ರಿ ನಿಮ್ಮ ಕಾರು ಎಲ್ಲಿ ನಿಲ್ಲುತ್ತದೆ? ಬಳ್ಳಾರಿಯ ಕೌಲ್ ಬಜಾರಿನಂಥ ಹಳೆಯ ಓಣಿಗಳಲ್ಲಿ ಮನೆ ಒಂದು ಕಡೆ, ಕಾರು ಇನ್ನೊಂದು ಕಡೆ ಇರುವುದು ಸಾಮಾನ್ಯ. ಅಂಥವರಿಗೆ ಈ ಕಾರು ಬೇಡವೆಂದೇ ಹೇಳುತ್ತೇನೆ. ಮನೆಯ ಅಂಗಳದಲ್ಲೋ ಸ್ವಂತ ಶೆಡ್ಡಿನಲ್ಲೋ ಕಾರು ನಿಲ್ಲಿಸಿ, ಮಲಗುವ ಮುನ್ನ ಚಾರ್ಜಿಗೆ ಹಾಕಬಲ್ಲವರು ಮಾತ್ರ ಮುಂದೆ ಓದಿದರೆ ಸಾಕು.

ಹೆಸರಿನ ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳಬೇಕು. ನಮ್ಮ ರಸ್ತೆಗಳಲ್ಲಿ ಕಾಣುವ ಇನ್ನೋವಾ ಹೈಕ್ರಾಸ್, ಗ್ರ್ಯಾಂಡ್ ವಿಟಾರಾದಂಥ ಹೈಬ್ರಿಡ್ ಕಾರುಗಳಿಗೆ ಪ್ಲಗ್ ಇಲ್ಲ. ಅವುಗಳ ಬ್ಯಾಟರಿ ಎರಡು ಯೂನಿಟ್ ವಿದ್ಯುತ್ತನ್ನೂ ಹಿಡಿಯುವುದಿಲ್ಲ, ಎಂಜಿನ್ ಮತ್ತು ಬ್ರೇಕಿನಿಂದ ಬರುವ ಶಕ್ತಿಯಲ್ಲೇ ತುಂಬಿಕೊಳ್ಳುತ್ತದೆ. ಪ್ಲಗ್-ಇನ್ ಕಾರಿನಲ್ಲಾದರೆ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತೈದು ಯೂನಿಟ್‌ನಷ್ಟು ಹಿಡಿಯುವ ಬ್ಯಾಟರಿ ಇದ್ದು, ಅದನ್ನು ಗೋಡೆಯ ಸಾಕೆಟ್ಟಿನಿಂದ ತುಂಬಿಸಿಕೊಂಡು ಎಂಜಿನ್ನನ್ನು ಎಬ್ಬಿಸದೆಯೇ ಒಂದಷ್ಟು ದೂರ ಓಡಬಹುದು. ಭಾರತದಲ್ಲಿ ಇವು ಇದುವರೆಗೆ ದುಬಾರಿ ಕಾರುಗಳಲ್ಲಷ್ಟೇ ಬಂದಿವೆ: 2016ರಲ್ಲಿ ಬಂದ ವೋಲ್ವೊ ಎಕ್ಸ್‌ಸಿ90 ಟಿ8, 2022ರ ಕೊನೆಗೆ ಬಂದ ಬಿಎಂಡಬ್ಲ್ಯು ಎಕ್ಸ್‌ಎಂ ಇತ್ಯಾದಿ. ಈ ಭಾಗದಲ್ಲಿ ಯಾರಾದರೂ ಇಂಥದನ್ನು ಕೊಳ್ಳುವುದಾದರೆ ಬೆಂಗಳೂರು ಅಥವಾ ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ತರುವ ಸಂಭವವೇ ಹೆಚ್ಚು.

ಚಾರ್ಜ್ ಮಾಡದ ಪ್ಲಗ್-ಇನ್ ಹೈಬ್ರಿಡ್ ಎಂದರೆ ಕೆಲಸಕ್ಕೆ ಬಾರದ ಬ್ಯಾಟರಿಯನ್ನು ಬೆನ್ನ ಮೇಲೆ ಹೊತ್ತ ಪೆಟ್ರೋಲ್ ಕಾರು. ಯುರೋಪಿಯನ್ ಆಯೋಗವು ರಸ್ತೆಯಲ್ಲಿರುವ ಕಾರುಗಳ ಇಂಧನ ಲೆಕ್ಕವನ್ನು ಸಂಗ್ರಹಿಸಿ 2024ರಲ್ಲಿ ಪ್ರಕಟಿಸಿದಾಗ, ಇವು ಉಗುಳುವ ಇಂಗಾಲದ ಡೈಆಕ್ಸೈಡ್ ಪ್ರಯೋಗಾಲಯದ ಅಂಕಿಗಿಂತ ಸರಾಸರಿ ಮೂರೂವರೆ ಪಟ್ಟು ಇರುವುದು ತಿಳಿದುಬಂತು. ಮಾಲೀಕರು ನಿರೀಕ್ಷಿಸಿದಷ್ಟು ಚಾರ್ಜ್ ಮಾಡದಿದ್ದುದೇ ಅದಕ್ಕೆ ಮುಖ್ಯ ಕಾರಣ. ಆದ್ದರಿಂದ ಕೊಳ್ಳುವ ಮೊದಲು ಒಂದು ತಿಂಗಳು ನಿಮ್ಮ ದಿನದ ಓಡಾಟವನ್ನು ಬರೆದಿಡಿ. ಬಳ್ಳಾರಿಯಿಂದ ತೋರಣಗಲ್ಲಿಗೆ ಸುಮಾರು 30 ಕಿ.ಮೀ., ರಾಯಚೂರಿನಿಂದ ಶಕ್ತಿನಗರಕ್ಕೆ 20 ಕಿ.ಮೀ. ಚಿಲ್ಲರೆ, ಕೆಲಸಕ್ಕಾಗಿ ಇಷ್ಟು ದೂರ ನಿತ್ಯ ಹೋಗಿಬರುವವರಿಗೆ ಈ ಕಾರು ಹೇಳಿ ಮಾಡಿಸಿದಂತಿದೆ. ವಾರಕ್ಕೆ ಮೂರು ಸಲ ಬೆಂಗಳೂರಿಗೆ ಹೋಗುವವರಿಗೆ ಅಲ್ಲ. ಕಂಪನಿ ಹೇಳುವ ದೂರದಲ್ಲಿ ಕಾಲು ಭಾಗವನ್ನಾದರೂ ಕಳೆದೇ ಲೆಕ್ಕ ಹಾಕಿ, ಏಕೆಂದರೆ ಏಪ್ರಿಲ್‌, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಏಸಿಯೇ ಬ್ಯಾಟರಿಯಲ್ಲಿ ತನ್ನ ಪಾಲು ಕೇಳುತ್ತದೆ.

ಇನ್ನು ವೈರಿಂಗ್. ಕಾರಿನೊಂದಿಗೆ ಬರುವ ಪೋರ್ಟಬಲ್ ಚಾರ್ಜರು ಸುಮಾರು ಎರಡೂವರೆಯಿಂದ ಮೂರು ಕಿಲೋವ್ಯಾಟ್ ಎಳೆಯುತ್ತದೆ, ಅದೂ ನಾಲ್ಕಾರು ಗಂಟೆ ಎಡೆಬಿಡದೆ. ಗೀಸರ್ ಕೂಡ ಅಷ್ಟೇ ಎಳೆಯುತ್ತದಲ್ಲ ಎಂದು ಎಲೆಕ್ಟ್ರಿಷಿಯನ್ನರು ಹೇಳುವುದುಂಟು. ಆದರೆ ಗೀಸರ್ ಹದಿನೈದು ನಿಮಿಷಕ್ಕೆ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಮೊದಲ ಬೇಸಿಗೆ ಕಳೆಯುವಷ್ಟರಲ್ಲಿ ಹಳೆಯ ಪವರ್ ಪ್ಲಗ್ಗಿನ ಮುಖ ಕಂದಿ, ಚಾರ್ಜರಿನ ಪಿನ್ನು ಮುಟ್ಟಲಾಗದಷ್ಟು ಕಾಯುತ್ತಿತ್ತು. ತೆರೆದು ನೋಡಿದರೆ ಒಳಗೆ ದೀಪ, ಫ್ಯಾನಿಗೆಂದು ಎಳೆದಿದ್ದ ಸಣ್ಣ ತಂತಿಯನ್ನೇ ಜೋಡಿಸಿದ್ದರು. ಅಂದಿನಿಂದ ಎಲ್ಲರಿಗೂ ಹೇಳುವುದು ಇದನ್ನೇ: ಮೇನ್ ಬೋರ್ಡಿನಿಂದ ನೇರವಾಗಿ, ನಡುವೆ ಎಲ್ಲಿಯೂ ಕವಲೊಡೆಯದ 4 ಚದರ ಮಿ.ಮೀ. ತಾಮ್ರದ ತಂತಿಯನ್ನು ಎಳೆಸಿ, ಅದಕ್ಕೆ ಪ್ರತ್ಯೇಕ 20 ಆಂಪ್ ಎಂಸಿಬಿ (ಹೊರೆ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು) ಮತ್ತು 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್ಚು) ಹಾಕಿಸಿ, ಒಳ್ಳೆಯ ದರ್ಜೆಯ 16 ಆಂಪ್ ಸಾಕೆಟ್ಟನ್ನು ಮಳೆ ನೀರು ಸಿಡಿಯದ ಎತ್ತರದಲ್ಲಿ ಕೂರಿಸಿಕೊಳ್ಳಬೇಕು. ಎಕ್ಸ್‌ಟೆನ್ಷನ್ ಬೋರ್ಡಿನಿಂದ ಒಂದು ದಿನದ ಮಟ್ಟಿಗೂ ಚಾರ್ಜ್ ಮಾಡಬಾರದು. ಚಾರ್ಜಿಗೆ ಹಾಕಿ ಅರ್ಧ ಗಂಟೆಯ ಬಳಿಕ ಸಾಕೆಟ್ಟಿನ ಹೊರಮೈಯನ್ನು ಮುಟ್ಟಿ ನೋಡುವ ರೂಢಿ ಒಳ್ಳೆಯದು. ಬೆಚ್ಚಗಿದ್ದರೆ ಪರವಾಗಿಲ್ಲ, ಸುಡುತ್ತಿದ್ದರೆ ಎಲ್ಲೋ ಜೋಡಣೆ ಸಡಿಲಾಗಿದೆ.

ಅರ್ಥಿಂಗ್ ಸರಿಯಿಲ್ಲದಿದ್ದರೆ ಚಾರ್ಜರು ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ, ನಾವು ಕಾರು ಕೆಟ್ಟಿತೆಂದು ಗಾಬರಿಯಾಗುತ್ತೇವೆ. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಎರೆ ಮಣ್ಣು ಬಿರುಕು ಬಿಟ್ಟು ಅರ್ಥಿಂಗ್ ಗುಂಡಿಯ ಕೊಳವೆಯಿಂದ ದೂರ ಸರಿಯುತ್ತದೆ, ತೇವವೂ ಆರಿಹೋಗುತ್ತದೆ; ಹೀಗಾಗಿ ದೀಪಾವಳಿಯಲ್ಲಿ ಚೆನ್ನಾಗಿದ್ದ ಅರ್ಥಿಂಗ್ ಯುಗಾದಿಯ ಹೊತ್ತಿಗೆ ಕೈಕೊಡುತ್ತದೆ. ಫೆಬ್ರುವರಿಯಿಂದ ಮಳೆ ಹಿಡಿಯುವ ತನಕ ವಾರಕ್ಕೆ ಒಂದೆರಡು ಕೊಡ ನೀರನ್ನು ಗುಂಡಿಗೆ ಹೊಯ್ಯುವುದೇ ಇದಕ್ಕೆ ಅಗ್ಗದ ಮದ್ದು. ಮನೆಯ ಇನ್ವರ್ಟರಿನಿಂದ ಕಾರನ್ನು ಚಾರ್ಜ್ ಮಾಡುವ ಯೋಚನೆಯನ್ನೇ ಬಿಡಬೇಕು, ಸಣ್ಣ ಜನರೇಟರಿನಿಂದಲೂ ಅಷ್ಟೇ. ವೋಲ್ಟೇಜ್ ಕುಸಿದಾಗಲೂ ಚಾರ್ಜರು ನಿಂತುಬಿಡುತ್ತದೆ. ಸಿಂಧನೂರು, ಗಂಗಾವತಿ ಕಡೆಯ ಹಳ್ಳಿಗಳಲ್ಲಿ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿಗೆ ಹೀಗಾಗುತ್ತಿದ್ದರೆ, ಚಾರ್ಜರಿನ ಆಂಪ್ ಮಟ್ಟವನ್ನು ಒಂದು ಹಂತ ಇಳಿಸಿ, ರಾತ್ರಿ ಹನ್ನೊಂದರ ನಂತರ ಶುರುವಾಗುವಂತೆ ಕಾರಿನಲ್ಲೇ ಸಮಯ ನಿಗದಿ ಮಾಡಿಡಬಹುದು.

ಕರೆಂಟ್ ಬಿಲ್ಲಿನ ವಿಷಯದಲ್ಲಿ ಒಂದು ಮಾತು ನೆನಪಿರಲಿ. ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಹೆಚ್ಚಿನ ಯೂನಿಟ್‌ಗಳಿಗಷ್ಟೇ ಅಲ್ಲ, ಇಡೀ ಬಿಲ್ಲನ್ನೇ ಕಟ್ಟಬೇಕಾಗುತ್ತದೆ. ಗೋಡೆಯಿಂದ ದಿನಕ್ಕೆ 12 ಯೂನಿಟ್‌ನಂತೆ ತಿಂಗಳಲ್ಲಿ 25 ದಿನ ಚಾರ್ಜ್ ಮಾಡಿದರೆ ಕಾರೊಂದಕ್ಕೇ 300 ಯೂನಿಟ್ ಆಯಿತು. ಅಲ್ಲಿಗೆ ಸೊನ್ನೆ ಬಿಲ್ಲಿನ ಕಾಲ ಮುಗಿಯಿತು. ಇಷ್ಟು ಬೆಲೆಯ ಕಾರು ಕೊಳ್ಳುವವರಿಗೆ ಗೃಹಜ್ಯೋತಿಯ ಚಿಂತೆಯೇ ಎಂದು ನಗುವವರು ನಗಲಿ, ಲೆಕ್ಕ ಲೆಕ್ಕವೇ. ಯೂನಿಟ್‌ಗೆ 6 ರೂಪಾಯಿ ಹಿಡಿದರೆ ಕಾರಿನ ಪಾಲು 1,800 ರೂಪಾಯಿ, ಅಷ್ಟು ಕರೆಂಟಿನಲ್ಲಿ ಸುಮಾರು ಸಾವಿರ ಕಿಲೋಮೀಟರ್ ಓಡಬಹುದು ಎಂದಿಟ್ಟುಕೊಳ್ಳಿ. ಅದೇ ಸಾವಿರ ಕಿಲೋಮೀಟರನ್ನು ಲೀಟರಿಗೆ ಹತ್ತು ಕಿ.ಮೀ. ಕೊಡುವ ದೊಡ್ಡ ಕಾರು ಪೆಟ್ರೋಲಿನಲ್ಲಿ ಓಡಿದರೆ, ಲೀಟರಿಗೆ ಬರೀ 100 ರೂಪಾಯಿ ಎಂದರೂ 10,000 ರೂಪಾಯಿ ಆಗುತ್ತದೆ. ಮನೆಗೆ ಮಂಜೂರಾಗಿರುವ ಲೋಡ್ ಎರಡೋ ಮೂರೋ ಕಿಲೋವ್ಯಾಟ್ ಇದ್ದರೆ ಜೆಸ್ಕಾಂ ಕಚೇರಿಗೆ ಅರ್ಜಿ ಕೊಟ್ಟು ಏರಿಸಿಕೊಳ್ಳಬೇಕು. ಇದರಿಂದ ನಿಗದಿತ ಶುಲ್ಕವೂ ಕಿಲೋವ್ಯಾಟ್ ಲೆಕ್ಕದಲ್ಲಿ ಏರುತ್ತದೆ. ಚಾವಣಿಯ ಮೇಲೆ ಮೂರು ಕಿಲೋವ್ಯಾಟ್ ಸೌರ ಫಲಕ ಹಾಕಿಸುವವರಿಗೆ ಪಿಎಂ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿ ಸಹಾಯಧನವಿದ್ದು, ನಮ್ಮ ಬಿಸಿಲಿಗೆ ಅದು ದಿನಕ್ಕೆ ಸರಿಸುಮಾರು 12 ಯೂನಿಟ್ ಕೊಡುತ್ತದೆ. ಕುಡತಿನಿ, ಶಕ್ತಿನಗರಗಳ ವಿದ್ಯುತ್ ಸ್ಥಾವರಗಳ ಕಲ್ಲಿದ್ದಲ ಹೊಗೆಯನ್ನು ಕಣ್ಣಾರೆ ನೋಡುತ್ತ ಬದುಕುವ ನಮಗೆ ಈ ದಾರಿ ಮನಸ್ಸಿಗೂ ಹಿತ.

ಬ್ಯಾಟರಿಗೆ ನಮ್ಮ ಊರಿನ ಶತ್ರು ಸೆಕೆ. ನಡುಮಧ್ಯಾಹ್ನ ಓಡಿಸಿಕೊಂಡು ಬಂದ ತಕ್ಷಣ ಚಾರ್ಜಿಗೆ ಹಾಕದೆ ಕಾರು ತಣಿಯುವ ತನಕ ಬಿಡಿ. ಪೂರ್ತಿ ತುಂಬಿದ ಬ್ಯಾಟರಿಯೊಂದಿಗೆ ಕಾರನ್ನು ಇಡೀ ದಿನ ಬಿಸಿಲಲ್ಲಿ ನಿಲ್ಲಿಸಬೇಡಿ. ಬೆಳಿಗ್ಗೆ ಹೊರಡುವ ಹೊತ್ತಿಗೆ ತುಂಬುವಂತೆ ಸಮಯ ಇಟ್ಟು, ಪ್ಲಗ್ ಕೀಳುವ ಮೊದಲೇ ಏಸಿ ಹಾಕಿದರೆ ಕಾರಿನ ಒಳಭಾಗ ಮನೆಯ ಕರೆಂಟಿನಲ್ಲೇ ತಂಪಾಗುತ್ತದೆ, ಓಡುವ ದೂರವೂ ಉಳಿಯುತ್ತದೆ. ಕೆಲವು ಕಾರುಗಳಲ್ಲಿ ಬ್ಯಾಟರಿಗೆ ಗಾಳಿ ಹೋಗುವ ಕಿಂಡಿ ಹಿಂದಿನ ಸೀಟಿನ ಬಳಿ ಇರುತ್ತದೆ; ಸಂಡೂರು, ತೋರಣಗಲ್ಲು ಕಡೆ ಓಡಾಡುವವರು ಅದರ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿದ ಅವಧಿಗಿಂತ ಮೊದಲೇ ತೆಗೆಸಿ ನೋಡಬೇಕು, ಅದಿರಿನ ಕೆಂಧೂಳು ಅಲ್ಲಿಗೂ ಬಂದು ಕೂತಿರುತ್ತದೆ.

ಕರೆಂಟಿನಲ್ಲೇ ಓಡಿಸುವ ಉಮೇದಿನಲ್ಲಿ ಎಂಜಿನ್ನನ್ನು ಮರೆಯುವವರೂ ಇದ್ದಾರೆ. ಈಗ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇದೆ, ಅದು ಗಾಳಿಯ ತೇವವನ್ನು ಹೀರುವ ಗುಣದ್ದು. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಕೊಳೆಯಬಾರದು. ಟ್ಯಾಂಕನ್ನು ಅರ್ಧದ ಆಸುಪಾಸಿನಲ್ಲಿಟ್ಟು, ಹದಿನೈದು ದಿನಕ್ಕೊಮ್ಮೆ ಎಂಜಿನ್ ಚೆನ್ನಾಗಿ ಕಾಯುವಂತೆ ಇಪ್ಪತ್ತು ನಿಮಿಷ ಹೆದ್ದಾರಿಯಲ್ಲಿ ಓಡಿಸಿ. ಆಯಿಲ್ಲನ್ನು ಕಿಲೋಮೀಟರ್ ಆಗಲಿ ಬಿಡಲಿ, ವರ್ಷಕ್ಕೊಮ್ಮೆ ಬದಲಿಸಬೇಕು. ಹಲವು ಪ್ಲಗ್-ಇನ್ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕನ್ನು ಒತ್ತಡದಲ್ಲಿ ಮುಚ್ಚಿಟ್ಟಿರುತ್ತಾರೆ. ಬಂಕಿನಲ್ಲಿ ಗುಂಡಿ ಒತ್ತಿ ಕೆಲವು ಸೆಕೆಂಡು ಕಾದ ಮೇಲೇ ಮುಚ್ಚಳ ತೆರೆಯುತ್ತದೆ. ಬಂಕಿನ ಹುಡುಗ ಅವಸರದಲ್ಲಿ ಅದನ್ನು ಮೀಟಿ ತೆಗೆಯದಂತೆ ಮೊದಲೇ ಹೇಳಿಬಿಡಿ.

ದೂರ ಹೊರಟಾಗ ಊರು ದಾಟುವ ಮುನ್ನವೇ ಎಂಜಿನ್ನೂ ಬ್ಯಾಟರಿಯೂ ಸೇರಿ ದುಡಿಯುವ ಹೈಬ್ರಿಡ್ ಮೋಡಿಗೆ ಹಾಕಿಕೊಳ್ಳುವುದು ಲೇಸು. ಹೊಸಪೇಟೆ ರಸ್ತೆಯಲ್ಲಿ ಲಾರಿಯೊಂದನ್ನು ಹಿಂದಿಕ್ಕುವ ಹೊತ್ತಿಗೆ ಸರಿಯಾಗಿ ಬ್ಯಾಟರಿ ಮುಗಿದರೆ, ತಣ್ಣಗಿದ್ದ ಎಂಜಿನ್ ಎದ್ದ ಕೂಡಲೇ ಪೂರ್ತಿ ಭಾರ ಎಳೆಯಬೇಕಾಗುತ್ತದೆ, ಅದರ ಸವೆತಕ್ಕೆ ಇದಕ್ಕಿಂತ ಕೆಟ್ಟ ದಾರಿಯಿಲ್ಲ. ಬ್ಯಾಟರಿಯನ್ನು ಕಾದಿರಿಸುವ ಸೌಲಭ್ಯವಿದ್ದರೆ ಅದನ್ನು ಬೆಂಗಳೂರಿನ ಟ್ರಾಫಿಕ್ಕಿಗೆ ಉಳಿಸಿಕೊಳ್ಳಿ. ಇವುಗಳಲ್ಲಿ ಬಹುಪಾಲು ಕಾರುಗಳು ಫಾಸ್ಟ್ ಚಾರ್ಜಿಂಗ್ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಹೆದ್ದಾರಿಯ ಚಾರ್ಜಿಂಗ್ ಜಾಗವನ್ನು ಬರೀ ಬ್ಯಾಟರಿಯನ್ನೇ ನಂಬಿ ಬಂದವರಿಗೆ ಬಿಟ್ಟುಕೊಡುವುದು ಮರ್ಯಾದೆ.

ಹಸಿರು ನಂಬರ್ ಪ್ಲೇಟ್ ಇವಕ್ಕೆ ಸಿಗುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಜಿಎಸ್‌ಟಿ ದರದಲ್ಲೂ ಪೂರ್ಣ ವಿದ್ಯುತ್ ಕಾರಿಗೆ ಶೇ. 5, ದೊಡ್ಡ ಹೈಬ್ರಿಡ್‌ಗೆ ಶೇ. 40. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬ್ಯಾಟರಿಯ ವಾರಂಟಿ ಎಷ್ಟು ವರ್ಷ ಉಳಿದಿದೆ, ಹೊಸ ಹೆಸರಿಗೆ ವರ್ಗವಾಗುತ್ತದೆಯೇ ಎಂದು ಬರವಣಿಗೆಯಲ್ಲಿ ಪಡೆದು, ಪೂರ್ತಿ ಚಾರ್ಜ್ ಮಾಡಿಸಿ ಎಷ್ಟು ದೂರ ಓಡುತ್ತದೆಂದು ತಾವೇ ಓಡಿಸಿ ನೋಡಬೇಕು. ಬಾನೆಟ್ಟಿನ ಕೆಳಗಿನ ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ನೂರಾರು ವೋಲ್ಟ್ ಹರಿಯುತ್ತದೆ; ರಸ್ತೆ ಬದಿಯ ಗ್ಯಾರೇಜಿನವರು ಎಷ್ಟೇ ಪಳಗಿದ ಕೈಯವರಾದರೂ ಅವುಗಳನ್ನು ಮುಟ್ಟಗೊಡಬೇಡಿ. ಭತ್ತದ ಕೊಯ್ಲಿನ ಕಾಲದಲ್ಲಿ ಇಲಿಗಳು ಅದೇ ಕೇಬಲ್ಲುಗಳ ಹೊದಿಕೆ ಕಡಿಯುತ್ತವೆ, ವಾರಕ್ಕೊಮ್ಮೆ ಬಾನೆಟ್ ಎತ್ತಿ ಕಣ್ಣು ಹಾಯಿಸಿ. ಹದಿನೈದಿಪ್ಪತ್ತು ದಿನ ಊರಿಗೆ ಹೋಗುವುದಿದ್ದರೆ ದೊಡ್ಡ ಬ್ಯಾಟರಿಯನ್ನು ಅರ್ಧದಷ್ಟು ತುಂಬಿಟ್ಟು ನೆರಳಿನಲ್ಲಿ ನಿಲ್ಲಿಸಿ. ಆದರೆ ಕಾರಿನ ಕಂಪ್ಯೂಟರನ್ನು ಎಬ್ಬಿಸುವುದು ಹಳೆಯ ಮಾದರಿಯ 12 ವೋಲ್ಟ್ ಬ್ಯಾಟರಿ, ಅದು ಇಳಿದುಹೋದರೆ ಉಳಿದೆಲ್ಲ ತುಂಬಿದ್ದರೂ ಕಾರು ಅಲುಗದು. ಮೂರು ವರ್ಷ ದಾಟಿದ್ದರೆ ಬೇಸಿಗೆಗೆ ಮುನ್ನ ಅದನ್ನು ಪರೀಕ್ಷೆ ಮಾಡಿಸಿಟ್ಟುಕೊಳ್ಳಿ.