ಎಂಎಂಯು ಆನ್ ಆಗುವ ಮುಂಚಿನ ಕೋಡ್‌ಗೆ ಬೇರೆ ಮೇಕ್‌ಫೈಲ್

ನನ್ನ ಪುಟ್ಟ ಕರ್ನಲ್‌ನಲ್ಲಿ ಎರಡು ಮೇಕ್‌ಫೈಲ್ (ಕೋಡನ್ನು ಹೇಗೆ ಬಿಲ್ಡ್ ಮಾಡಬೇಕು ಅಂತ ಹೇಳುವ ಫೈಲ್) ಇವೆ. ಒಂದು ಇಡೀ ಕರ್ನಲ್‌ಗೆ. ಇನ್ನೊಂದು ಬೂಟ್ ಅನ್ನುವ ಫೋಲ್ಡರ್‌ಗೆ ಮಾತ್ರ, ಅಂದರೆ ಎಂಎಂಯು (ಪ್ರೋಗ್ರಾಂ ಕಾಣುವ ವರ್ಚುಯಲ್ ಅಡ್ರೆಸ್ಸನ್ನು ಮೆಮೊರಿಯ ಫಿಸಿಕಲ್ ಅಡ್ರೆಸ್‌ಗೆ ಬದಲಿಸುವ ಹಾರ್ಡ್‌ವೇರ್) ಆನ್ ಆಗುವ ಮುಂಚೆ ಓಡುವ ಕೋಡ್‌ಗೆ. ಆ ಫೋಲ್ಡರ್‌ನಲ್ಲಿರುವುದು ಒಂದು ಅಸೆಂಬ್ಲಿ ಫೈಲ್, ಒಂದು ಸಿ ಫೈಲ್, ಅಷ್ಟೇ. ಇಷ್ಟಕ್ಕೆ ಬೇರೆ ಮೇಕ್‌ಫೈಲ್ ಯಾಕೆ ಅಂತ ರಾಯಚೂರಿನ ಗೆಳೆಯ ಕೇಳಿದ. ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಆರಿಸಿಕೊಂಡದ್ದು 64 ಬಿಟ್ ರಿಸ್ಕ್-ಫೈವ್ ಪ್ರೊಸೆಸರ್. ಬೋರ್ಡ್‌ಗಾಗಿ ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ ವಿಚಾರಿಸಿದೆ, ಆರ್ಡರ್ ಹಾಕಬೇಕು ಅಂದರು. ಬೇಡ ಅಂತ, ಕಂಪ್ಯೂಟರನ್ನು ಸಾಫ್ಟ್‌ವೇರ್‌ನಲ್ಲೇ ಅನುಕರಿಸುವ ಕ್ಯೂಎಮುವಿನ 'ವರ್ಟ್' ಮಷೀನ್ ಹಿಡಿದೆ. ಕಲಿಯುವುದಕ್ಕೆ ಅದೇ ಒಳ್ಳೆಯದು, ಏನು ಕೆಟ್ಟರೂ ಜಿಡಿಬಿ ಡೀಬಗರ್ ಹಾಕಿ ಒಂದೊಂದೇ ಇನ್‌ಸ್ಟ್ರಕ್ಷನ್ ನೋಡಬಹುದು.

ಅಲ್ಲಿ ಮೊದಲು ಎದ್ದೇಳುವುದು ಓಪನ್‌ಎಸ್‌ಬಿಐ ಫರ್ಮ್‌ವೇರ್. ಅದು ಕೂರುವ ಜಾಗ ಹೆಕ್ಸ್‌ನಲ್ಲಿ 80000000. ನಮ್ಮ ಕರ್ನಲ್ ಅದರಿಂದ 2 ಎಂಬಿ ಆಚೆ, ಅಂದರೆ 80200000ದಲ್ಲಿ. ಫರ್ಮ್‌ವೇರ್ ನಮ್ಮ ಕೈಗೆ ಕೊಡುವುದು ಎರಡೇ ವಿಷಯ: ಎ0 ರಿಜಿಸ್ಟರ್‌ನಲ್ಲಿ ಹಾರ್ಟ್ (ಪ್ರೊಸೆಸರ್ ಕೋರ್ ಇದ್ದ ಹಾಗೆ) ನಂಬರ್, ಎ1ರಲ್ಲಿ ಡಿವೈಸ್ ಟ್ರೀ (ಯಾವ ಹಾರ್ಡ್‌ವೇರ್ ಎಲ್ಲಿದೆ ಎಂಬ ವಿವರ) ಇರುವ ಅಡ್ರೆಸ್. ಸ್ಟ್ಯಾಕ್ ಇಲ್ಲ, ಎಂಎಂಯುಗೆ ಬೇಕಾದ ಅಡ್ರೆಸ್ ನಕ್ಷೆಯಾದ ಪೇಜ್ ಟೇಬಲ್ ಇಲ್ಲ.

ಲಿಂಕರ್ (ಕೋಡ್ ತುಣುಕುಗಳನ್ನು ಜೋಡಿಸಿ ಅಡ್ರೆಸ್ ಕೊಡುವ ಪ್ರೋಗ್ರಾಂ) ಸ್ಕ್ರಿಪ್ಟ್‌ನಲ್ಲಿ, ಎಲ್ಲಿಂದ ಓಡಬೇಕು ಅಂತ ಹೇಳುವ ಎಂಟ್ರಿ ಅಂತ ಒಂದು ಸಾಲು ಬರೆದರೆ ಸಾಕು ಅಂತ ಅನಿಸುತ್ತದೆ, ಅಲ್ವಾ? ಈ ದಾರಿಯಲ್ಲಿ ಸಾಕಾಗುವುದಿಲ್ಲ. ಇಎಲ್‌ಎಫ್ ಫೈಲ್ (ಲಿಂಕರ್ ತಯಾರಿಸುವ ಪ್ರೋಗ್ರಾಂ ಫೈಲ್) ಕೊಟ್ಟರೂ ಕ್ಯೂಎಮು ಅದರ ಎಂಟ್ರಿ ಪಾಯಿಂಟ್ ನೋಡದೆ, ಲೋಡ್ ಆದ ಅತಿ ಕೆಳಗಿನ ಅಡ್ರೆಸ್ಸನ್ನೇ ಫರ್ಮ್‌ವೇರ್‌ಗೆ ಹೇಳುತ್ತದೆ. ಹಾಗಾಗಿ ಬೂಟ್ ಅಸೆಂಬ್ಲಿಗೆ ಸ್ವಂತ ಸೆಕ್ಷನ್ ಕೊಟ್ಟು, ಅದನ್ನು ಸ್ಕ್ರಿಪ್ಟ್‌ನಲ್ಲಿ ಎಲ್ಲಕ್ಕಿಂತ ಮೊದಲು ಇಟ್ಟೆ. ಬಳಕೆಯಾಗದ ಸೆಕ್ಷನ್‌ಗಳನ್ನು ಲಿಂಕರ್ ಕಿತ್ತು ಹಾಕುವ ಆಯ್ಕೆ ಆನ್ ಇರುವುದರಿಂದ ಇದನ್ನು ಉಳಿಸು ಅನ್ನುವ 'ಕೀಪ್' ಕೂಡ ಸೇರಿಸಿದೆ.

ಈಗ ಅಸಲಿ ವಿಷಯ. ಕರ್ನಲ್ ಲಿಂಕ್ ಆಗಿರುವುದು ಮೇಲಿನ ವರ್ಚುಯಲ್ ಅಡ್ರೆಸ್‌ಗೆ, ಎಫ್‌ಎಫ್‌ಎಫ್‌ಎಫ್‌ಎಫ್‌ಎಫ್‌ಎಫ್‌ಎಫ್80200000ಕ್ಕೆ. ಆದರೆ ಎಂಎಂಯು ಆನ್ ಆಗುವ ತನಕ ಅದು ಓಡುವುದು ಕೆಳಗಿನ ಫಿಸಿಕಲ್ ಅಡ್ರೆಸ್‌ನಲ್ಲಿ. ರಿಸ್ಕ್-ಫೈವ್ ಜಿಸಿಸಿ ಕಂಪೈಲರ್‌ನಲ್ಲಿ ಸಾಮಾನ್ಯವಾಗಿ ಬರುವ ಕೋಡ್ ಮಾಡೆಲ್ (ಅಡ್ರೆಸ್ ಕಟ್ಟುವ ವಿಧಾನ) 'ಮೆಡ್‌ಲೋ'. ಅದು ಗ್ಲೋಬಲ್ ವೇರಿಯೇಬಲ್‌ನ ಅಡ್ರೆಸ್ಸನ್ನು ಎಲ್‌ಯುಐ ಇನ್‌ಸ್ಟ್ರಕ್ಷನ್‌ನಿಂದ ನೇರವಾಗಿ ಕಟ್ಟುತ್ತದೆ. 'ಮೆಡ್‌ಎನಿ' ಹಾಗಲ್ಲ, ಎಯುಐಪಿಸಿ ಬಳಸಿ ಈಗ ಓಡುತ್ತಿರುವ ಜಾಗದಿಂದ ಎಷ್ಟು ದೂರ ಅಂತ ಲೆಕ್ಕ ಹಾಕುತ್ತದೆ. ಮೊದಲನೆಯದು ಇನ್ನೂ ಕಟ್ಟದ ಬಡಾವಣೆಯ ಮನೆ ನಂಬರ್ ಕೊಟ್ಟ ಹಾಗೆ. ಎರಡನೆಯದು ಗಡಿಗಿ ಚನ್ನಪ್ಪ ಸರ್ಕಲ್‌ನಲ್ಲಿ ನಿಂತವನಿಗೆ ಇಲ್ಲಿಂದ ಎಡಕ್ಕೆ ಮೂರನೇ ಗಲ್ಲಿ ಅಂದ ಹಾಗೆ.

ಇಲ್ಲಿ ಕಾಡುವುದು ಲಿಂಕರ್‌ನ ಮೌನ. 80200000ಕ್ಕೇ ಲಿಂಕ್ ಮಾಡಿದ್ದರೆ ಮೆಡ್‌ಲೋ ಅಲ್ಲಿಗೆ ಮುಟ್ಟುವುದಿಲ್ಲ, ಲಿಂಕರ್ ಕೂಗಾಡುತ್ತದೆ. ಆದರೆ ತುತ್ತತುದಿಯ 2 ಜಿಬಿ ಮೆಡ್‌ಲೋಗೆ ಸಿಗುತ್ತದೆ. ಲಿಂಕ್ ಸಲೀಸಾಗಿ ಮುಗಿಯುತ್ತದೆ, ಓಡಿಸಿದರೆ ಒಂದಕ್ಷರವೂ ಪ್ರಿಂಟ್ ಆಗುವುದಿಲ್ಲ. ಅದಕ್ಕೇ ಬೂಟ್ ಫೋಲ್ಡರ್‌ನ ಮೇಕ್‌ಫೈಲ್‌ನಲ್ಲಿ ಮೆಡ್‌ಎನಿ ಹಾಕಿದೆ. ಲಿನಕ್ಸ್‌ನಲ್ಲೂ ಇದಕ್ಕೆ ಇದೇ ಮದ್ದು: ರಿಸ್ಕ್-ಫೈವ್‌ನ ಎಂಎಂ ಫೋಲ್ಡರ್‌ನ ಮೇಕ್‌ಫೈಲ್ ತೆರೆದು ನೋಡಿ, ಇನಿಟ್ ಫೈಲ್ ಒಂದಕ್ಕೇ ಪ್ರತ್ಯೇಕವಾಗಿ ಮೆಡ್‌ಎನಿ ಹಾಕಿದ್ದಾರೆ, ಎಫ್‌ಟ್ರೇಸ್ (ಫಂಕ್ಷನ್ ಕರೆಗಳ ಜಾಡು ಹಿಡಿಯುವ ಸೌಲಭ್ಯ) ಫ್ಲ್ಯಾಗ್‌ಗಳನ್ನು ತೆಗೆದಿದ್ದಾರೆ. ನಾನು ಫೋಲ್ಡರ್ ಮಟ್ಟದಲ್ಲಿ ಮಾಡಿದೆ, ಯಾವ ಫೈಲ್ ಯಾವ ಲೋಕದ್ದು ಅಂತ ಕಣ್ಣಿಗೇ ಕಾಣಲಿ ಅಂತ.

ಉಳಿದ ಫ್ಲ್ಯಾಗ್‌ಗಳು ಬೇಗ ಹೇಳಿ ಮುಗಿಸುತ್ತೇನೆ. ಫ್ರೀಸ್ಟ್ಯಾಂಡಿಂಗ್ (ಆಪರೇಟಿಂಗ್ ಸಿಸ್ಟಂನ ಲೈಬ್ರರಿ ಇಲ್ಲ ಅಂತ ಕಂಪೈಲರ್‌ಗೆ ಹೇಳುವುದು) ಬೇಕೇ ಬೇಕು. ಸ್ಟ್ಯಾಕ್ ಪ್ರೊಟೆಕ್ಟರ್ (ಸ್ಟ್ಯಾಕ್ ಕೆಟ್ಟಿದೆಯೇ ಅಂತ ನೋಡುವ ಕೋಡ್) ಆಫ್, ಯಾಕೆಂದರೆ ಅದರ ಗಾರ್ಡ್ ಬೆಲೆ ಇನ್ನೂ ಯಾರೂ ಇಟ್ಟಿರುವುದಿಲ್ಲ. ಲಿಂಕರ್ ರಿಲ್ಯಾಕ್ಸೇಶನ್ (ಲಿಂಕರ್ ಕೋಡನ್ನು ಚಿಕ್ಕದಾಗಿಸುವುದು) ಕೂಡ ಆಫ್: ಆನ್ ಇದ್ದರೆ ಜಿಪಿ (ಗ್ಲೋಬಲ್ ಪಾಯಿಂಟರ್) ರಿಜಿಸ್ಟರ್ ತುಂಬುವ ಸಾಲನ್ನೇ ಲಿಂಕರ್ ಜಿಪಿ ಇಂದ ಜಿಪಿಗೆ ಕಾಪಿ ಮಾಡುವ ಸಾಲಾಗಿ ಬದಲಿಸಿಬಿಡಬಹುದು. ಫ್ಲೋಟಿಂಗ್ ಪಾಯಿಂಟ್ ಬೇಡವೆಂದು ಆರ್ಕಿಟೆಕ್ಚರ್ ಹೆಸರು ಆರ್‌ವಿ64ಐಎಂಎಸಿ ಅಂತಷ್ಟೇ ಇಟ್ಟಿದ್ದೆ. ನನ್ನ ಹಳೇ ಟೂಲ್‌ಚೈನ್ ಒಪ್ಪಿತು. ರಾಯಚೂರಿನ ಗೆಳೆಯನ ಹೊಸ ಉಬುಂಟುವಿನಲ್ಲಿ ಸಿಎಸ್‌ಆರ್ (ಪ್ರೊಸೆಸರ್‌ನ ನಿಯಂತ್ರಣ ರಿಜಿಸ್ಟರ್) ಇನ್‌ಸ್ಟ್ರಕ್ಷನ್ ಸಿಕ್ಕ ಕೂಡಲೇ ಅಸೆಂಬ್ಲರ್ ತಕರಾರು ತೆಗೆಯಿತು. ಅಸೆಂಬ್ಲರ್, ಲಿಂಕರ್ ಇರುವ ಬಿನ್‌ಯುಟಿಲ್ಸ್ 2.38ರಿಂದ ಝಡ್‌ಐಸಿಎಸ್‌ಆರ್, ಝಡ್‌ಐಫೆನ್ಸ್‌ಐ ಎಂಬ ಎಕ್ಸ್‌ಟೆನ್ಶನ್ ಎರಡನ್ನೂ ಆ ಹೆಸರಿನಲ್ಲಿ ಬಾಯಿಬಿಟ್ಟು ಹೇಳಬೇಕು. ಸೇರಿಸಿದ ಮೇಲೆ ಅಲ್ಲೂ ಓಡಿತು.

ಬಿಎಸ್‌ಎಸ್ (ಸೊನ್ನೆಯಿಂದ ಶುರುವಾಗಬೇಕಾದ ಗ್ಲೋಬಲ್ ವೇರಿಯೇಬಲ್‌ಗಳ ಜಾಗ) ಸೊನ್ನೆ ಮಾಡುವ ಲೂಪ್ ಅಸೆಂಬ್ಲಿಯಲ್ಲೇ ಇದೆ. ಸಿ ಭಾಷೆಯಲ್ಲಿ ಬರೆದರೆ ಜಿಸಿಸಿ ಅದನ್ನು ಗುರುತಿಸಿ ಮೆಮ್‌ಸೆಟ್ (ಮೆಮೊರಿ ತುಂಬುವ ಲೈಬ್ರರಿ ಫಂಕ್ಷನ್) ಕರೆಯಾಗಿ ಮಾರ್ಪಡಿಸಬಹುದು, ಫ್ರೀಸ್ಟ್ಯಾಂಡಿಂಗ್ ಹಾಕಿದ್ದರೂ. ಆರು ಸಾಲಿನ ಅಸೆಂಬ್ಲಿಗೆ ಸುಮ್ನೆ ಹೆದರಬಾರದು.

ಇಷ್ಟೆಲ್ಲ ಆದಮೇಲೂ ಮೆಡ್‌ಎನಿ ಕಾಪಾಡದ ಒಂದು ಜಾಗ ಇದೆ: ಸ್ಟ್ರಿಂಗ್ ಪಾಯಿಂಟರ್‌ಗಳ ಅರೇ, ಫಂಕ್ಷನ್ ಪಾಯಿಂಟರ್‌ಗಳ ಟೇಬಲ್. ಆ ಪಾಯಿಂಟರ್‌ಗಳು ಇನ್‌ಸ್ಟ್ರಕ್ಷನ್‌ನಲ್ಲಿಲ್ಲ, ಡೇಟಾದಲ್ಲಿ ಕೂತಿವೆ. ಲಿಂಕರ್ ಅಲ್ಲಿ ಮೇಲಿನ ಅಡ್ರೆಸ್ಸನ್ನೇ ಬರೆಯುತ್ತದೆ. ಅಂಥದ್ದು ಬರೆಯಬೇಡಿ ಅಂತ ಕಾಮೆಂಟ್ ಹಾಕಿದರೆ ಆರು ತಿಂಗಳ ನಂತರ ಯಾರು ಓದುತ್ತಾರೆ? ಅದಕ್ಕೆ ಮೇಕ್‌ಫೈಲ್‌ಗೇ ಕಾವಲು ಕೆಲಸ ಕೊಟ್ಟೆ. ಬೂಟ್ ಫೋಲ್ಡರ್‌ನ ಸಿ ಆಬ್ಜೆಕ್ಟ್ ತಯಾರಾದ ಕೂಡಲೇ ಅದರ ಒಳಗನ್ನು ತೋರಿಸುವ ರೀಡ್‌ಎಲ್ಫ್ ಓಡುತ್ತದೆ. ರಿಲೊಕೇಶನ್ (ಲಿಂಕರ್ ಆಮೇಲೆ ಅಡ್ರೆಸ್ ತುಂಬಬೇಕಾದ ಜಾಗ) ಪಟ್ಟಿಯಲ್ಲಿ 64 ಬಿಟ್‌ನ ಪೂರ್ತಿ ಅಡ್ರೆಸ್ ಅಥವಾ ಎಲ್‌ಯುಐ ಜೊತೆ ಬರುವ ಎಚ್‌ಐ20 ಕಂಡರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಎಆರ್‌ಎಂ64 ಲಿನಕ್ಸ್‌ನಲ್ಲಿ ರೆಲಾಚೆಕ್ ಅನ್ನುವ ಪುಟ್ಟ ಪ್ರೋಗ್ರಾಂ ಇಂಥದ್ದೇ ಕೆಲಸ ಮಾಡುತ್ತದೆ. ಡೀಬಗ್ ಮಾಹಿತಿಯಲ್ಲೂ ಪೂರ್ತಿ ಅಡ್ರೆಸ್‌ಗಳು ಇರುತ್ತವೆ, ಆ ಸೆಕ್ಷನ್‌ಗಳನ್ನು ಬಿಟ್ಟು ಹುಡುಕಬೇಕು. ಅಸೆಂಬ್ಲಿ ಫೈಲ್‌ಗೆ ಈ ತಪಾಸಣೆ ಇಲ್ಲ. ಎಂಎಂಯು ಆನ್ ಆದ ಕ್ಷಣ ಮೇಲಕ್ಕೆ ಜಿಗಿಯಲು ಒಂದು ಪೂರ್ತಿ ಅಡ್ರೆಸ್ ಅಲ್ಲಿ ಬೇಕೇ ಬೇಕು.