ಫ್ಯೂಸ್ ಹೋದರೆ ದಪ್ಪ ತಂತಿ ಕಟ್ಟಬೇಡಿ

ಮಿಕ್ಸಿ ಹಾಕಿದ ಕೂಡಲೇ ಅಡುಗೆಮನೆ, ಹಿಂದಿನ ಕೋಣೆ ಎರಡೂ ಕತ್ತಲಾದವು, ಹಾಲ್‌ನಲ್ಲಿ ಮಾತ್ರ ಕರೆಂಟಿದೆ. ಹೀಗಾದರೆ ಹೆಚ್ಚಿನ ಸಲ ಆ ಸಾಲಿನ ಫ್ಯೂಸ್ ಹೋಗಿರುತ್ತದೆ. ತ್ರೀ ಫೇಸ್ ಸಂಪರ್ಕದ ಮನೆಯಾದರೆ ಬೀದಿಯಲ್ಲೇ ಒಂದು ಫೇಸ್ ಹೋಗಿರಲೂಬಹುದು, ಅಕ್ಕಪಕ್ಕದವರನ್ನು ಕೇಳಿ. ಇಡೀ ಮನೆಗೆ ಕರೆಂಟಿಲ್ಲ, ಪಕ್ಕದ ಮನೆಗಿದೆ ಎಂದಾದರೆ ಮೇನ್ ಸ್ವಿಚ್ಚಿನ ಫ್ಯೂಸ್ ನೋಡಬೇಕು. ಅದೂ ಸರಿಯಿದ್ದರೆ ಮೀಟರಿನ ಕಡೆಯ ಫ್ಯೂಸ್ ಹೋಗಿರುವ ಸಾಧ್ಯತೆ ಇದೆ. ಸೀಲ್ ಹಾಕಿದ ಆ ಭಾಗಕ್ಕೆ ಕೈ ಹಾಕದೆ 1912ಕ್ಕೆ ಫೋನ್ ಮಾಡಿ ಲೈನ್‌ಮ್ಯಾನ್ ಕರೆಸಿ.

ಬೇಕಾದ ಸಾಮಾನು ಕಡಿಮೆ: ಟೆಸ್ಟರ್, ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಟಾರ್ಚು, ಅಂಗಡಿಯಲ್ಲಿ ಆಂಪ್ ಹೇಳಿ ಕೊಂಡ ಫ್ಯೂಸ್ ವೈರ್. ಕಾಲಿಗೆ ಒಣಗಿದ ರಬ್ಬರ್ ಚಪ್ಪಲಿ ಇರಲಿ.

ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಮನೆಯಲ್ಲಿ ಯುಪಿಎಸ್ ಇದ್ದರೆ ಅಷ್ಟೇ ಸಾಲದು. ಮೇನ್ ಆಫ್ ಮಾಡಿದ ಮರುಕ್ಷಣವೇ ಅದು ಬ್ಯಾಟರಿಯಿಂದ 230 ವೋಲ್ಟ್ ಕೊಡಲು ಶುರುಮಾಡುತ್ತದೆ, ಸತ್ತಿದೆ ಎಂದುಕೊಂಡ ಬೋರ್ಡಿನಲ್ಲೇ ಶಾಕ್ ಹೊಡೆಯುತ್ತದೆ. ಯುಪಿಎಸ್ಸನ್ನೂ ಅದರ ಸ್ವಿಚ್‌ನಲ್ಲೇ ಆರಿಸಿ. ಟೆಸ್ಟರನ್ನು ಮೇನ್ ಆಫ್ ಮಾಡುವ ಮುನ್ನ ಕರೆಂಟಿರುವ ಸಾಕೆಟ್ಟಿನಲ್ಲಿ ಇಟ್ಟು ಅದು ಉರಿಯುತ್ತದೆಯೇ ನೋಡಿ, ಆಮೇಲೆ ಕೆಲಸದ ಜಾಗದಲ್ಲಿ ಪರೀಕ್ಷಿಸಿ. ಕೆಟ್ಟ ಟೆಸ್ಟರೂ ಉರಿಯುವುದಿಲ್ಲ, ಕರೆಂಟಿಲ್ಲದ ಜಾಗದಲ್ಲೂ ಉರಿಯುವುದಿಲ್ಲ.

ಇನ್ನು ಪಿಂಗಾಣಿ ಫ್ಯೂಸಿನ ಹಿಡಿಯನ್ನು ನೇರವಾಗಿ ಎಳೆದು ತೆಗೆಯಿರಿ. ತಂತಿ ಹೇಗೆ ತುಂಡಾಗಿದೆ ಎಂಬುದನ್ನು ಒಂದು ನಿಮಿಷ ನೋಡಿ, ಅರ್ಧ ಕಾರಣ ಅಲ್ಲೇ ಸಿಗುತ್ತದೆ. ನಡುವೆ ಕರಗಿ ತುಂಡಾಗಿ, ಪಿಂಗಾಣಿ ಸ್ವಚ್ಛವಾಗಿದ್ದರೆ ಹೊರೆ ಜಾಸ್ತಿಯಾಗಿತ್ತು ಎಂದರ್ಥ. ತಂತಿಯೇ ಕಾಣದೆ, ಸುತ್ತ ಕಪ್ಪು ಮಸಿಯೂ ತಾಮ್ರದ ಹನಿಗಳೂ ಸಿಡಿದಿದ್ದರೆ ಶಾರ್ಟ್ ಆಗಿದೆ. ಸ್ಕ್ರೂ ಬುಡದಲ್ಲೇ ಮುರಿದಿದ್ದರೆ ಹಿಂದೆ ಕಟ್ಟಿದವರು ವಿಪರೀತ ಬಿಗಿದು ತಂತಿಯನ್ನು ಅರ್ಧ ಕತ್ತರಿಸಿರುತ್ತಾರೆ.

ತಂತಿ ಆರಿಸುವಲ್ಲೇ ಜನ ತಪ್ಪುವುದು. ತವರ ಲೇಪಿಸಿದ ತಾಮ್ರದ ಫ್ಯೂಸ್ ವೈರಿನಲ್ಲಿ 5 ಆಂಪಿಗೆ 0.2 ಮಿ.ಮೀ., 10 ಆಂಪಿಗೆ 0.35, 15 ಆಂಪಿಗೆ 0.5 ಮಿ.ಮೀ. ದಪ್ಪ. ದೀಪ–ಫ್ಯಾನಿನ ಸಾಲಿಗೆ 5 ಆಂಪ್ ಸಾಕು, ಗೀಸರ್ ಸಾಲಿಗೆ 15. ಪದೇ ಪದೇ ಹೋಗುತ್ತದೆ ಎಂದು ಹಳೇ ವೈರಿನ ನಾಲ್ಕು ಎಳೆ ಹೊಸೆದು ಕಟ್ಟಿದರೆ ಫ್ಯೂಸ್ ಇನ್ನು ಹೋಗುವುದೇ ಇಲ್ಲ, ನಿಜ. ಅದರ ಬದಲು ಗೋಡೆಯೊಳಗಿನ ಪೈಪಿನಲ್ಲಿ ವೈರು ಕಾದು, ಕವಚ ಕರಗಿ, ಬೆಂಕಿ ಹತ್ತುತ್ತದೆ. ಫ್ಯೂಸ್ ಇರುವುದೇ ವೈರಿಗಿಂತ ಮೊದಲು ತಾನು ಸುಟ್ಟುಹೋಗಲಿಕ್ಕೆ.

ಒಂದೇ ಎಳೆಯನ್ನು ಸ್ಕ್ರೂ ತಿರುಗುವ ದಿಕ್ಕಿನಲ್ಲೇ ಒಂದು ಸುತ್ತು ಸುತ್ತಿ, ವಾಷರಿನಡಿ ಕೂರಿಸಿ ಬಿಗಿಯಿರಿ. ನಡುವೆ ತಂತಿಯನ್ನು ವೀಣೆಯ ತಂತಿಯಂತೆ ಎಳೆಯಬೇಡಿ, ತುಸು ಸಡಿಲವಿರಲಿ. ಉಳಿದ ತುದಿ ಕತ್ತರಿಸಿ ಹಿಡಿಯನ್ನು ಜಾಗಕ್ಕೆ ಒತ್ತಿ.

ಮೇನ್ ಹಾಕುವ ಮುಂಚೆ ಆ ಸಾಲಿನ ಸ್ವಿಚ್ಚುಗಳನ್ನೆಲ್ಲ ಆರಿಸಿ, ಪ್ಲಗ್ಗುಗಳನ್ನು ಕೀಳಿರಿ. ಎಲ್ಲ ಆಫ್ ಇದ್ದಾಗಲೇ ಫ್ಯೂಸ್ ಹೋದರೆ ದೋಷ ವೈರಿಂಗಿನಲ್ಲಿದೆ. ಇನ್ನೊಂದು ತಂತಿ ಕಟ್ಟದೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನ್ನು ಕರೆಯಿರಿ. ಫ್ಯೂಸ್ ಹೋಗದೆ ನಿಂತರೆ ಒಂದೊಂದೇ ಹಾಕುತ್ತ ಬನ್ನಿ, ಯಾವುದನ್ನು ಹಾಕಿದಾಗ ಹೋಯಿತೋ ಅದೇ ಕಳ್ಳ. ಫ್ಯೂಸಿನ ಬದಲು ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಇರುವ ಮನೆಯಲ್ಲೂ ಇದೇ ಕ್ರಮ. ಬಿದ್ದ ಅದರ ಸನ್ನೆಯನ್ನು ಪೂರ್ತಿ ಕೆಳಗೆ ಒತ್ತಿ ಆಮೇಲೆ ಮೇಲೆತ್ತಿ. 10 ಆಂಪ್ ಬೀಳುತ್ತದೆಂದು 32 ಆಂಪ್ ಹಾಕಿಸುವುದು ದಪ್ಪ ತಂತಿ ಕಟ್ಟಿದಷ್ಟೇ ಅಪಾಯ.

ಸಾಕೆಟ್ ಸುಡುವುದೇಕೆ?

ಬಹುತೇಕ ಸಲ ಸಡಿಲದಿಂದ. ಒಳಗಿನ ಹಿತ್ತಾಳೆ ಹಿಡಿ ಬಳಸಿ ಬಳಸಿ ಅಗಲವಾಗುತ್ತದೆ, ಇಲ್ಲವೇ ಹಿಂದಿನ ಸ್ಕ್ರೂ ಸಡಿಲಾಗುತ್ತದೆ. ಅಲ್ಲಿ ಕಿಡಿ ಹಾರಿ ಬಿಸಿಯೇರುತ್ತದೆ, ಬಿಸಿಗೆ ಹಿಡಿ ಇನ್ನಷ್ಟು ಸಡಿಲಾಗುತ್ತದೆ. ಚರಚರ ಸದ್ದು, ತೂತಿನ ಸುತ್ತ ಕಂದು ಕಲೆ, ತೂಗಾಡುವ ಪ್ಲಗ್ಗು ಕಂಡರೆ ಸಾಕೆಟ್ ಬದಲಿಸಿ, ಒಳಗಿನ ಹಿಡಿಯನ್ನು ಬಗ್ಗಿಸಿ ರಿಪೇರಿ ಮಾಡಬೇಡಿ. 2000 ವಾಟಿನ ಗೀಸರ್ ಸುಮಾರು 9 ಆಂಪ್ ಎಳೆಯುತ್ತದೆ. ಅದನ್ನು 6 ಆಂಪಿನ ಸಣ್ಣ ಸಾಕೆಟ್ಟಿಗೆ ಚುಚ್ಚಿದ್ದರೆ ಸುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಬರೀ ಸಾಕೆಟ್ಟನ್ನು 16 ಆಂಪಿಗೆ ಏರಿಸಿದರೆ ಪ್ರಯೋಜನವಿಲ್ಲ. ಸ್ವಿಚ್ಚೂ 16 ಆಂಪಿನದೇ ಆಗಬೇಕು, ಗೀಸರಿಗೆ ಬೋರ್ಡಿನಿಂದಲೇ ಪ್ರತ್ಯೇಕ ವೈರು ಬರಬೇಕು. ಅದು ತಾಮ್ರದ್ದು, 4 ಚದರ ಮಿ.ಮೀ. ಇದ್ದರೆ ನಿಶ್ಚಿಂತೆ.

ಮೇನ್, ಯುಪಿಎಸ್ ಆರಿಸಿ, ಟೆಸ್ಟರ್ ಇಟ್ಟು ನೋಡಿ, ಪ್ಲೇಟ್ ಬಿಚ್ಚಿ. ವೈರು ಕಳಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಸಾಮಾನ್ಯವಾಗಿ ಕೆಂಪು ಫೇಸ್ (ಕರೆಂಟು ತರುವ ವೈರು), ಕಪ್ಪು ನ್ಯೂಟ್ರಲ್ (ಅದು ಮರಳುವ ವೈರು), ಹಸಿರು ಅರ್ಥ್. ಹಳೇ ಮನೆಗಳಲ್ಲಿ ಬಣ್ಣವನ್ನೇ ನಂಬುವಂತಿಲ್ಲ. ಎದುರಿನಿಂದ ನೋಡಿದಾಗ ಮೇಲಿನ ದೊಡ್ಡ ತೂತು ಅರ್ಥ್, ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್. ಸುಟ್ಟು ಕಪ್ಪಾದ ತುದಿಯನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಸುಮಾರು 10 ಮಿ.ಮೀ. ಕವಚ ಸುಲಿದು, ಎಳೆಗಳನ್ನು ಹೊಸೆದು ಕೂರಿಸಿ ಬಿಗಿಯಿರಿ. ಒಂದೂ ಎಳೆ ಹೊರಗೆ ಚಾಚಿರಬಾರದು, ಕವಚ ಸ್ಕ್ರೂವಿನಡಿ ಸಿಕ್ಕಿರಬಾರದು. ಬಿಗಿದ ಮೇಲೆ ಪ್ರತಿ ವೈರನ್ನೂ ಎಳೆದು ನೋಡಿ. ಕವಚ ಪೈಪಿನೊಳಗಿನವರೆಗೂ ಸುಟ್ಟಿದ್ದರೆ, ಅಥವಾ ವೈರು ಅಲ್ಯೂಮಿನಿಯಂ ಆಗಿದ್ದರೆ ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್‌ಗೆ ಬಿಡಿ. ಅಲ್ಯೂಮಿನಿಯಂ ಬಗ್ಗಿಸಿದರೆ ಮುರಿಯುತ್ತದೆ, ತಾಮ್ರದ ಜೊತೆ ಹೊಸೆದರೆ ಬೇಗ ಸಡಿಲಾಗುತ್ತದೆ. ಹಸಿರು ವೈರನ್ನು ಮಾತ್ರ ಯಾವ ಕಾರಣಕ್ಕೂ ಕತ್ತರಿಸಿ ಹಾಗೇ ಬಿಡಬೇಡಿ. ಗೀಸರಿನಲ್ಲಿ ಸೋರಿದ ಕರೆಂಟು ನಿಮ್ಮ ಮೈ ಬಿಟ್ಟು ಹೋಗಲು ಇರುವ ದಾರಿ ಅದು.

ಮುಚ್ಚಿ, ಮೇನ್ ಹಾಕಿ. ಸ್ವಿಚ್ ಹಾಕಿದಾಗ ಬಲ ತೂತಿನಲ್ಲಿ ಮಾತ್ರ ಟೆಸ್ಟರ್ ಉರಿಯಬೇಕು, ಆರಿಸಿದಾಗ ಎಲ್ಲೂ ಉರಿಯಬಾರದು. ಆರಿಸಿದರೂ ಉರಿದರೆ ಸ್ವಿಚ್ಚನ್ನು ನ್ಯೂಟ್ರಲಿನಲ್ಲಿ ಕೊಟ್ಟಿದ್ದಾರೆ, ಸರಿಪಡಿಸಲೇಬೇಕು. ಬೇರೆ ದೀಪವೋ ಫ್ಯಾನೋ ಹಾಕಿದ್ದಾಗ ಎರಡೂ ತೂತುಗಳಲ್ಲಿ ಉರಿದರೆ ಎಲ್ಲೋ ನ್ಯೂಟ್ರಲ್ ಕಡಿದಿದೆ. ಎಲ್ಲ ಸರಿಯಿದ್ದರೆ ಅರ್ಧ ಗಂಟೆ ಗೀಸರ್ ಓಡಿಸಿ, ಆರಿಸಿ, ಪ್ಲಗ್ಗಿನ ತಲೆ ಮುಟ್ಟಿ. ಉಗುರುಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈಯಿಡಲಾಗದಷ್ಟು ಬಿಸಿಯಿದ್ದರೆ ಪ್ಲಗ್ಗನ್ನೂ ಬದಲಿಸಿ, ಕಪ್ಪಾದ ಹಳೇ ಪಿನ್ನು ಹೊಸ ಸಾಕೆಟ್ಟನ್ನೂ ಸುಡುತ್ತದೆ.