ದರಕು ಎಲ್ಲಿ ಗುಡಿಸಬೇಕು, ಎಲ್ಲಿ ಬಿಡಬೇಕು: ಸೊಪ್ಪಿನಬೆಟ್ಟ ಕಾಯುವ ನನ್ನ ಅನುಭವ

ನಮ್ಮ ಕಡೆ ಬೆಟ್ಟದ ಬೆಂಕಿಯ ಮಾತು ಏಳುವುದು ಶಿವರಾತ್ರಿ ಹೊತ್ತಿಗೆ. ಅಷ್ಟೊತ್ತಿಗೆ ಮಾತಾಡಿ ಪ್ರಯೋಜನವಿಲ್ಲ. ಮತ್ತಿ, ಹೊನ್ನೆ, ಜಂಬೆ ಎಲ್ಲ ಎಲೆ ಉದುರಿಸಿರುತ್ತವೆ, ಬೇಣದ (ಹುಲ್ಲುಗಾವಲಿನ) ಕರಡ ಹುಲ್ಲು ಒಣಗಿ ಗರಿಗರಿಯಾಗಿರುತ್ತದೆ, ಮಧ್ಯಾಹ್ನದ ಗಾಳಿ ಶುರುವಾಗಿರುತ್ತದೆ. ಆಮೇಲೆ ಆಗುವುದೆಲ್ಲ ಓಡಾಟ, ಕೂಗಾಟ. ಕೆಲಸ ಆಗಬೇಕಾದದ್ದು ಡಿಸೆಂಬರಿನಲ್ಲಿ, ಅಡಿಕೆ ಕೊಯ್ಲಿನ ಗಡಿಬಿಡಿ ಜೋರಾಗಿರುವಾಗ. ಕೊಯ್ಲು ಬಿಟ್ಟು ಬೆಟ್ಟ ಹತ್ತುವವರು ಯಾರು ಎಂಬುದೇ ನಿಜವಾದ ತೊಡಕು.

ನಮ್ಮದು ಸಿದ್ದಾಪುರ ತಾಲ್ಲೂಕು. ಉತ್ತರ ಕನ್ನಡದ ಘಟ್ಟದ ಮೇಲಿನ ಸೀಮೆಯಲ್ಲಿ 1 ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನಬೆಟ್ಟ ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದ ಬಂದದ್ದು. ನೆಲ ಸರ್ಕಾರದ್ದು, ಮರವೂ ಸರ್ಕಾರದ್ದೇ. ಸೊಪ್ಪು, ದರಕು (ಒಣಗಿ ಉದುರಿದ ಎಲೆ), ಹುಲ್ಲು ತರುವ ಸವಲತ್ತು ಮಾತ್ರ ನಮ್ಮದು. ಸವಲತ್ತು ನಮ್ಮದಾದ ಮೇಲೆ ಕಾಯುವುದೂ ನಮ್ಮದೇ ಎಂದು ಅಪ್ಪನ ಕಾಲದವರು ಹೇಳುತ್ತಿದ್ದರು, ಹೇಳಿದಷ್ಟು ಮಾಡುತ್ತಲೂ ಇದ್ದರು. ನಮ್ಮ ಬೆಟ್ಟದ ಕೆಳಗೇ ಊರಿನ ಹಳ್ಳ ಹುಟ್ಟುತ್ತದೆ. ಎರಡು ಕೇರಿಯ ಮನೆಗಳಿಗೆ ಅಬ್ಬಿ ನೀರು, ಅಂದರೆ ಬೆಟ್ಟದಿಂದ ತಾನೇ ಹರಿದು ಬರುವ ನೀರು, ಅಲ್ಲಿಂದಲೇ. ಈ ಹಳ್ಳ ಮುಂದೆ ಹೋಗಿ ಅಘನಾಶಿನಿ ಸೇರುತ್ತದೆ.

ಹಿಂದೆ ಬೆಂಕಿ ಇರಲಿಲ್ಲವೆಂದಲ್ಲ. ಆದರೆ ಸುಡುವುದಕ್ಕೆ ಸಿಗುತ್ತಿದ್ದದ್ದು ಕಡಿಮೆ. ಪ್ರತಿ ಮನೆಯ ಕೊಟ್ಟಿಗೆಯಲ್ಲಿ ಏಳೆಂಟು ದನ. ಪುಷ್ಯ, ಮಾಘದಲ್ಲಿ ಹೆಂಗಸರು ಮಕ್ಕಳೆಲ್ಲ ಸೇರಿ ದರಕು ಗುಡಿಸಿ, ಕಲ್ಲಿ ಎಂಬ ಹಗ್ಗದ ಬಲೆಗಳಲ್ಲಿ ತುಂಬಿ ಹೊತ್ತು ತಂದು ರಾಶಿ ಹಾಕುತ್ತಿದ್ದರು. ಅದು ದನದ ಕಾಲಡಿಗೆ ಹೋಗಿ, ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತಿತ್ತು. ಈಗ ಹೆಚ್ಚಿನ ಮನೆಗಳಲ್ಲಿ ದನ ಇಲ್ಲ, ಗುಡಿಸುವವರೂ ಇಲ್ಲ. ನಮ್ಮ ಓಣಿಯ ಹಿರಿಯರೊಬ್ಬರು ಇದನ್ನು ಒಂದೇ ಮಾತಿನಲ್ಲಿ ಮುಗಿಸಿದರು: “ದನ ಮಾರಿ ಪ್ಯಾಕೆಟ್ ಹಾಲು ತಂದ ಮೇಲೆ ಬೆಟ್ಟಕ್ಕೆ ಬೆಂಕಿ ಬೀಳದ್ದೆ ಎಂತಾ ಆಗ್ತು, ತಮಾ?”

ಅವರ ಮಾತು ಮುಕ್ಕಾಲು ಪಾಲು ಸರಿ. ಹಾಗಾದರೆ ಮೊದಲಿನಂತೆ ಬೆಟ್ಟವನ್ನೆಲ್ಲ ಗುಡಿಸಿಬಿಡೋಣ ಎಂದರೆ ನಾನು ಒಪ್ಪುವುದಿಲ್ಲ. ಯಾಕೆಂದು ತಿಳಿಯಬೇಕಾದರೆ ಮಾರ್ಚ್ ತಿಂಗಳಲ್ಲಿ ಹಳ್ಳದ ತಲೆಯ ಹತ್ತಿರ, ಬೆಂಕಿ ಬೀಳದ ಜಾಗದಲ್ಲಿ ಕುಳಿತು ದರಕನ್ನು ಕೈಯಿಂದ ಸರಿಸಿ ನೋಡಬೇಕು. ಮೇಲಿನ ಎಲೆ ಹಪ್ಪಳದ ಹಾಗೆ ಮುರಿಯುತ್ತದೆ. ಅದರ ಕೆಳಗಿನದು ಅರ್ಧ ಕೊಳೆತು, ಬಿಳಿ ಅಣಬೆ ಎಳೆಗಳಿಂದ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಇನ್ನೂ ಕೆಳಗೆ ಕಪ್ಪು ಪುಡಿಮಣ್ಣು. ಬೆರಳಿಟ್ಟರೆ ತಂಪು, ಹಿಂಡಿದರೆ ಉಂಡೆಯಾಗುತ್ತದೆ. ಅದರಲ್ಲೇ ಎರಡೆಲೆಯ ಉಪ್ಪಗೆ ಸಸಿ, ವಾಟೆ ಸಸಿ ನಿಂತಿರುತ್ತವೆ. ಅಲ್ಲಿಂದ ಮೇಲೆ, ಪದೇ ಪದೇ ಸುಟ್ಟ ಜಾಗಕ್ಕೆ ಬಂದರೆ ಕತ್ತಿಯ ತುದಿ ಇಳಿಯದಷ್ಟು ಗಟ್ಟಿ ಕೆಂಪು ನೆಲ. ಮೊದಲ ಮಳೆಗೆ ಬೂದಿ ತೊಳೆದು ಹೋಗುತ್ತದೆ, ಅದರ ಹಿಂದೆಯೇ ಮೇಲ್ಮಣ್ಣು. ಹಳ್ಳ ಅರ್ಧ ಗಂಟೆಯಲ್ಲಿ ಕೆಂಪಗೆ ಉಕ್ಕಿ, ಮರುದಿನ ಇಳಿದುಬಿಡುತ್ತದೆ. ಸಸಿ ಎಂಬುದೇ ಇಲ್ಲ. ಇರುವುದು ಕಮ್ಯುನಿಸ್ಟ್ ಗಿಡ, ಲಂಟಾನದಂಥ ಕಳೆ, ಅಲ್ಲೊಂದು ಇಲ್ಲೊಂದು ಬೆಂಕಿಗೆ ಜಗ್ಗದ ಕವಲು ಮರ. ಆ ಕಮ್ಯುನಿಸ್ಟ್ ಗಿಡ ಒಣಗಿ ಮರುವರ್ಷದ ಬೆಂಕಿಗೆ ಸೌದೆಯಾಗುತ್ತದೆ.

ಬೆಂಕಿ, ಒಣಗುವ ಮರ, ಬತ್ತುವ ಹಳ್ಳ ಎಂದು ನಾವು ಮೂರು ಬೇರೆ ಬೇರೆ ಸಭೆ ಮಾಡುತ್ತಿದ್ದೆವು. ಮೂರಕ್ಕೂ ಕೀಲಿ ದರಕಿನಲ್ಲಿದೆ. ಎಲ್ಲ ಬಿಟ್ಟರೆ ಉರಿಯುತ್ತದೆ. ಎಲ್ಲ ಗುಡಿಸಿದರೆ ಮಣ್ಣು ಬರಡಾಗುತ್ತದೆ, ನೀರು ಇಂಗುವುದಿಲ್ಲ. ಎಲ್ಲಿ ಗುಡಿಸುವುದು, ಎಲ್ಲಿ ಬಿಡುವುದು ಎಂದು ಜಾಗ ನೋಡಿ ನಿರ್ಧರಿಸುವುದೊಂದೇ ದಾರಿ.

ನಾವು ಗುಡಿಸುವುದು ಅಂಚಿನಲ್ಲಿ. ಡಾಂಬರು ರಸ್ತೆಯ ಪಕ್ಕ, ಜನ ಓಡಾಡುವ ಕಾಲುದಾರಿಯ ಎರಡೂ ಮಗ್ಗುಲು, ಬೆಟ್ಟದ ನೆತ್ತಿ, ಮತ್ತೆ ಅಕೇಶಿಯಾ ನೆಡುತೋಪಿಗೆ ತಾಗಿದ ಗಡಿ. ಬೆಂಕಿ ಬರುವುದು ಹೆಚ್ಚಾಗಿ ಈ ನಾಲ್ಕು ಕಡೆಯಿಂದ. ಅಕೇಶಿಯಾ ಎಲೆ ದಪ್ಪ, ಬೇಗ ಕೊಳೆಯುವುದಿಲ್ಲ, ವರ್ಷದ ಮೇಲೆ ವರ್ಷ ಹಾಸಿಕೊಂಡು ಬಿದ್ದಿರುತ್ತದೆ. ಆ ಗಡಿಯಲ್ಲಿ ಹದಿನೈದು ಅಡಿ ಅಗಲ ನೆಲವನ್ನು ಬೋಳಾಗಿ ಬಿಡಿಸುತ್ತೇವೆ, ಉಳಿದ ಕಡೆ ಹತ್ತು ಹನ್ನೆರಡು ಅಡಿ. ಹಳ್ಳದ ಇಕ್ಕೆಲ, ಸಸಿ ಇರುವ ತಗ್ಗು, ನಿತ್ಯಹಸಿರು ಮರಗಳ ಬುಡ, ಇಲ್ಲೆಲ್ಲ ಪೊರಕೆ ಆಡಿಸುವ ಹಾಗಿಲ್ಲ. ದನ ಇಟ್ಟುಕೊಂಡ ಕೆಲವು ಮನೆಯವರು ಮೊದಲು ಅಂಚಿನ ದರಕನ್ನೇ ಒಯ್ಯಬೇಕು ಎಂದು ಗ್ರಾಮ ಅರಣ್ಯ ಸಮಿತಿಯಲ್ಲಿ ಕೂತು ಮಾತಾಡಿಕೊಂಡೆವು. ಸುಲಭವಾಗಿ ಆದ ಒಪ್ಪಂದವಲ್ಲ. ಅಂಚಿನಲ್ಲಿ ಕಲ್ಲು, ಮುಳ್ಳು ಜಾಸ್ತಿ, ತಗ್ಗಿನ ದರಕು ಮೆತ್ತಗೆ, ರಾಶಿ ಬೇಗ ಆಗುತ್ತದೆ. “ನಿಂಗೆ ಹೇಳಲಡ್ಡಿಲ್ಲೆ, ಹೊರವು ಯಂಗಕ್ಕು” (ನಿನಗೆ ಹೇಳಲು ಅಡ್ಡಿಯಿಲ್ಲ, ಹೊರಬೇಕಾದವರು ನಾವು) ಎಂದು ಬೈಸಿಕೊಂಡದ್ದೂ ಆಯಿತು. ಕೊನೆಗೆ ಅಂಚಿನ ದರಕನ್ನು ಪಿಕಪ್ಪಿನಲ್ಲಿ ಮನೆಬಾಗಿಲಿಗೆ ತಲುಪಿಸುವ ಖರ್ಚು ಸಮಿತಿಯದೆಂದು ಆದಮೇಲೆ ತಕರಾರು ನಿಂತಿತು. ದನ ಇಲ್ಲದವರು ಅದನ್ನೇ ಅಡಿಕೆ ಬುಡಕ್ಕೆ ಮುಚ್ಚಿಗೆ ಹಾಕುತ್ತಾರೆ.

ಒಮ್ಮೆ ಮಾಡಿ ಕೈತೊಳೆದುಕೊಳ್ಳುವ ಕೆಲಸವಲ್ಲ ಇದು. ಡಿಸೆಂಬರಿನಲ್ಲಿ ಮೊದಲ ಸುತ್ತು: ಕತ್ತಿಯಿಂದ ಪೊದೆ, ಕರಡ ಸವರಿ ಬೆಂಕಿ ರೇಖೆ, ಅಂದರೆ ಬೆಂಕಿ ದಾಟದಂತೆ ಬೋಳು ಮಾಡಿದ ಪಟ್ಟೆ, ಬಿಡಿಸುವುದು. ಜನವರಿ ಕೊನೆಯಿಂದ ಎಲೆ ಉದುರಲು ಹಿಡಿದರೆ ಎರಡೇ ವಾರದಲ್ಲಿ ಆ ರೇಖೆ ಎಲ್ಲಿತ್ತೆಂದು ಕಾಣುವುದಿಲ್ಲ. ಆದ್ದರಿಂದ ಫೆಬ್ರವರಿಯಲ್ಲಿ ಮತ್ತೊಂದು ಸುತ್ತು, ಬೇಕಾದರೆ ಮಾರ್ಚಿನಲ್ಲಿ ಇನ್ನೊಂದು. ಎಷ್ಟೋ ಊರುಗಳಲ್ಲಿ ಮೊದಲ ಸುತ್ತಿನ ಫೋಟೊ ತೆಗೆದು ಸುಮ್ಮನಾಗುತ್ತಾರೆ. ಎರಡನೇ ಸುತ್ತಿಗೆ ಈಗ ಬೆನ್ನಿಗೆ ಕಟ್ಟಿಕೊಂಡು ಗಾಳಿಯಿಂದ ಎಲೆ ಊದುವ ಬ್ಲೋವರ್ ಬಳಸುತ್ತೇವೆ. ಅರಣ್ಯ ಇಲಾಖೆಯವರೂ ಅದನ್ನೇ ಬಳಸುತ್ತಾರೆ. ಹತ್ತು ಆಳಿನ ಕೆಲಸ ಇಬ್ಬರಿಂದ ಆಗುತ್ತದೆ. ಬಿಸಿ ಯಂತ್ರಕ್ಕೆ ಒಣ ಎಲೆಯ ಮೇಲೆ ನಿಂತು ಪೆಟ್ರೋಲ್ ಹಾಕಬೇಡಿ ಎಂದು ಹುಡುಗರಿಗೆ ಪ್ರತಿಸಲವೂ ಹೇಳಲೇಬೇಕು. ಗುಡಿಸಿದ ರಾಶಿಯನ್ನು ಅಲ್ಲೇ ಸುಟ್ಟುಬಿಡೋಣ ಎನ್ನುವವರು ಪ್ರತಿ ವರ್ಷ ಒಬ್ಬರಾದರೂ ಇರುತ್ತಾರೆ.

ಇನ್ನು ಮರಗಳ ವಿಷಯ. ಬೆಟ್ಟದಲ್ಲಿ ಮರ ಒಣಗುತ್ತಿದೆ ಎಂದ ಕೂಡಲೇ ರೋಗ ಬಂತು, ಔಷಧ ಹೊಡೆಯಬೇಕು ಎನ್ನುತ್ತಾರೆ. ಅಡಿಕೆಗೆ ಎಲೆಚುಕ್ಕಿ ರೋಗ ಬಂದ ಮೇಲೆ ಎಲ್ಲದಕ್ಕೂ ಸಿಂಪರಣೆಯೇ ಮದ್ದು ಎಂಬಂತಾಗಿದೆ. ನಾನು ಒಣಗಿದ ಮರಗಳನ್ನು ಒಂದೊಂದಾಗಿ ಸುತ್ತಿ ನೋಡಿದಾಗ ಹೆಚ್ಚಿನವುಗಳಲ್ಲಿ ಕಂಡದ್ದು ಎರಡು. ಒಂದು, ಬುಡದಲ್ಲಿ ಬೆಂಕಿ ತಾಗಿ ತೊಗಟೆ ಸುಟ್ಟ ಗಾಯ, ಅದೂ ಇಳಿಜಾರಿನ ಮೇಲ್ಮಗ್ಗುಲಲ್ಲಿ. ಉರುಳಿ ಬಂದ ಎಲೆಯೆಲ್ಲ ಆ ಕಡೆಗೇ ಬಂದು ನಿಲ್ಲುವುದರಿಂದ ಬುಡದಲ್ಲಿ ಬೆಂಕಿ ಹೆಚ್ಚು ಹೊತ್ತು ಉರಿಯುತ್ತದೆ. ಆ ಗಾಯದಿಂದ ಗೆದ್ದಲು, ಕೊಳೆ ಒಳಹೋಗಿ ಮರ ಪೊಳ್ಳಾಗುತ್ತದೆ. ಇನ್ನೊಂದು, ಸೊಪ್ಪು ಸವರಿದ ರೀತಿ. ವರ್ಷ ವರ್ಷ ನೆತ್ತಿಯವರೆಗೆ ಬೋಳು ಮಾಡಿದ ಮತ್ತಿ ಮರ ಚೇತರಿಸಿಕೊಳ್ಳುವುದಾದರೂ ಯಾವಾಗ? ಅದರ ಮೇಲೆ ಮರದ ರಸ ಹೀರುವ ಬಂದಳಿಕೆ. ನಾವೀಗ ಬೆಟ್ಟವನ್ನು ಮೂರು ಪಾಲು ಮಾಡಿ ವರ್ಷಕ್ಕೊಂದು ಪಾಲಿನಲ್ಲಿ ಮಾತ್ರ ಸವರುತ್ತೇವೆ. ಮರದ ಮೇಲಿನ ಮೂರನೇ ಒಂದು ಭಾಗ ಮುಟ್ಟುವುದಿಲ್ಲ. ಬಂದಳಿಕೆ ಇರುವ ಕೊಂಬೆಯನ್ನು ಅದು ಅಂಟಿದ ಜಾಗದಿಂದ ಕೆಳಗೆ ಕಡಿಯುತ್ತೇವೆ. ಕಡಿದ ಬೊಡ್ಡೆಯಲ್ಲಿ ಚಿಗುರು ಗುಂಪಾಗಿ ಬಂದರೆ ಗಟ್ಟಿಯಾದ ಒಂದೆರಡನ್ನು ಉಳಿಸಿ ಬಾಕಿ ತೆಗೆಯುತ್ತೇವೆ. ಹೊಸ ಸಸಿ ನೆಡುವುದಕ್ಕಿಂತ ಇದರಿಂದ ಬೇಗ ಮರವಾಗುತ್ತದೆ. ವನಮಹೋತ್ಸವದವರಿಗೆ ಇದು ರುಚಿಸಲಿಕ್ಕಿಲ್ಲ.

ಪೂರ್ತಿ ಸತ್ತು ನಿಂತ ಮರಗಳನ್ನು ಏನು ಮಾಡುವುದು? ಕಡಿಯಲು ಅನುಮತಿ ಬೇಕು, ಮತ್ತೆ ಎಲ್ಲವನ್ನೂ ಕಡಿಯಬಾರದು ಕೂಡ. ಮರಕುಟಿಗ, ಗಿಳಿ, ಮಂಗಟ್ಟೆ ಹಕ್ಕಿ ಗೂಡಿಗೆ ಪೊಟರೆ ಹುಡುಕುವುದು ಇಂಥ ಹಳೆಯ ಮರಗಳಲ್ಲೇ. ಆದರೆ ಬೆಂಕಿಯ ದೃಷ್ಟಿಯಿಂದ ಪೊಳ್ಳು ಮರ ಅಪಾಯ. ಬುಡದ ಕಂಡಿಯಿಂದ ಬೆಂಕಿ ಒಳಹೊಕ್ಕರೆ ದಿನಗಟ್ಟಲೆ ಒಳಗೇ ಉರಿದು ಮೇಲಿನಿಂದ ಕಿಡಿ ಕಾರುತ್ತದೆ. ಬೆಂಕಿ ಆರಿತೆಂದು ಮನೆಗೆ ಬಂದವರು ಮರುದಿನ ಮತ್ತೆ ಓಡಬೇಕಾಗುವುದು ಇದರಿಂದಲೇ. ಅದಕ್ಕಾಗಿ ರೇಖೆಗೆ ಹತ್ತಿರವಿರುವ ಪ್ರತಿ ಪೊಳ್ಳು ಮರದ ಸುತ್ತ ಒಂದಾಳು ಅಗಲ ನೆಲ ಬಿಡಿಸಿ, ಬುಡದ ಕಂಡಿಗೆ ಕಲ್ಲು, ಹಸಿಮಣ್ಣು ಮೆತ್ತಿ ಮುಚ್ಚುತ್ತೇವೆ. ರಸ್ತೆಗೆ ಬೀಳುವಂಥದ್ದು ಮಾತ್ರ ಅರ್ಜಿ ಕೊಟ್ಟು ತೆಗೆಸುವುದು. ಹೆಬ್ಬಿದಿರಿನದು ಬೇರೆಯದೇ ಕತೆ. ಅದು ನಲವತ್ತು ಐವತ್ತು ವರ್ಷಕ್ಕೊಮ್ಮೆ ಒಟ್ಟಿಗೆ ಹೂಬಿಟ್ಟು ಸಾಯುವ ಜಾತಿ. 2010ರ ದಶಕದ ಮೊದಲ ವರ್ಷಗಳಲ್ಲಿ ಪಶ್ಚಿಮ ಘಟ್ಟದ ಎಷ್ಟೋ ಕಡೆ ಹಾಗೇ ಆಯಿತು. ಸತ್ತ ಹಿಂಡಿಲು (ಬಿದಿರ ಮೆಳೆ) ಉರಿಯುವಾಗ ಗಿಣ್ಣಿನ ಮಧ್ಯದ ಗಾಳಿ ಕಾದು ಗರ್ನಾಲು ಹೊಡೆದಂತೆ ಸಿಡಿಯುತ್ತದೆ, ಕಿಡಿ ರೇಖೆ ದಾಟಿ ಆಚೆ ಬೀಳುತ್ತದೆ. ಹಿಂಡಿಲು ಇರುವಲ್ಲಿ ರೇಖೆ ಅಗಲ ಮಾಡುವುದಕ್ಕಿಂತ ರೇಖೆಯನ್ನೇ ದೂರಕ್ಕೆ ಸರಿಸುವುದು ಒಳ್ಳೆಯದು.

ನೀರಿನ ಕೆಲಸದಲ್ಲಿ ನಾನು ಹೇಳುವುದು ಕೆಲವರಿಗೆ ಇಷ್ಟವಾಗುವುದಿಲ್ಲ. ಇಂಗುಗುಂಡಿ ಎಂದರೆ ಎಲ್ಲೆಂದರಲ್ಲಿ ಜೆಸಿಬಿ ಇಳಿಸುವ ಉತ್ಸಾಹ ನಮ್ಮ ಸೀಮೆಯಲ್ಲಿ ಒಂದು ಕಾಲಕ್ಕೆ ಬಹಳ ಇತ್ತು. 2021ರ ಜುಲೈ ಮಳೆಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆಗಳೇ ಹೋದದ್ದನ್ನು ನೋಡಿದ ಮೇಲೆ ಎಲ್ಲರೂ ಸ್ವಲ್ಪ ತಣ್ಣಗಾದರು. ನಮ್ಮಲ್ಲಿ ಕೆಂಪು ಮಣ್ಣಿನ ಕೆಳಗೆ ಹಲವೆಡೆ ಶೇಡಿ ಮಣ್ಣು ಎಂಬ ಮೆತ್ತನೆಯ ಜೇಡಿಯಿದೆ. ನೀರು ಕುಡಿದರೆ ಅದು ಜಾರುತ್ತದೆ. ಕಡಿದಾದ ಇಳಿಜಾರಿನಲ್ಲಿ ಗುಂಡಿ ತೋಡಿ ನೀರು ನಿಲ್ಲಿಸುವುದು ಗುಡ್ಡವನ್ನು ನಾವೇ ಸಡಿಲ ಮಾಡಿದಂತೆ. ನಾವು ಗುಂಡಿ ತೋಡುವುದು ನೆತ್ತಿಯ ಸಪಾಟು ಜಾಗದಲ್ಲಿ, ಅದೂ ಚಿಕ್ಕದು, ಕೈಯಲ್ಲೇ. ಇಳಿಜಾರಿನಲ್ಲಿ ದರಕು ಉಳಿಸುವುದೇ ಇಂಗಿಸುವ ಕೆಲಸ. ಕೊರಕಲು ಬಿದ್ದಲ್ಲಿ ಕಲ್ಲು ಅಡುಕಿ ಮಣ್ಣು ತಡೆಯುತ್ತೇವೆ. ಮಳೆ ಪೂರ್ತಿ ನಿಂತ ಮೇಲೆ, ನವೆಂಬರಿನಲ್ಲಿ, ಹಳ್ಳಕ್ಕೆ ಕಲ್ಲು, ಮಣ್ಣು, ಸೊಪ್ಪಿನ ಕಟ್ಟ (ತಾತ್ಕಾಲಿಕ ಒಡ್ಡು). ಮುಂದಿನ ಮಳೆಗೆ ಅದು ತಾನೇ ಒಡೆದುಹೋಗುತ್ತದೆ, ಹೋಗಬೇಕು ಕೂಡ.

2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರದ ಪಟ್ಟಿಗೆ ಸೇರಿದವು. ಮರುಬೇಸಿಗೆಯಲ್ಲಿ ನಮ್ಮ ಅಬ್ಬಿಯೂ ಸೊರಗಿತು, ಕೊಡ ತುಂಬುವವರೆಗೆ ಕಾಯುವುದು ಬೇಸರ ತರಿಸುವಷ್ಟು. ನಿಲ್ಲಲಿಲ್ಲ ಎನ್ನುವುದಷ್ಟೇ ಸಮಾಧಾನ. ಅದು ನಮ್ಮ ಕೆಲಸದಿಂದಲೇ ಎಂದು ಎದೆ ತಟ್ಟಿಕೊಳ್ಳಲು ನನಗೆ ಧೈರ್ಯವಿಲ್ಲ.

ಇಷ್ಟೆಲ್ಲ ಮಾಡಿದರೂ ಬೆಂಕಿ ಬೀಳುತ್ತದೆ. ಆಗ ಮೊದಲು ಅರಣ್ಯ ಇಲಾಖೆಗೆ ಫೋನು. ಸಹಾಯವಾಣಿ 1926, ಜೊತೆಗೆ ನಮ್ಮ ಅರಣ್ಯ ಗಾರ್ಡ್ ನಂಬರು ಪ್ರತಿ ಮನೆಯ ಗೋಡೆಯ ಮೇಲಿದೆ. ಬರಿಗೈಯಲ್ಲಿ ವೀರಾವೇಶ ಬೇಡ. ಬಂಡೀಪುರದಲ್ಲಿ 2017ರಲ್ಲಿ, ಸಕಲೇಶಪುರ ತಾಲ್ಲೂಕಿನ ಕಾಡುಮನೆ ಬಳಿ 2023ರಲ್ಲಿ ಬೆಂಕಿ ಆರಿಸಲು ಹೋದ ಇಲಾಖೆಯ ಸಿಬ್ಬಂದಿಯೇ ಜೀವ ಕಳೆದುಕೊಂಡಿದ್ದಾರೆ. ಇಳಿಜಾರಿನಲ್ಲಿ ಬೆಂಕಿ ಮೇಲ್ಮುಖವಾಗಿ ಓಡುವ ವೇಗಕ್ಕೆ ಮನುಷ್ಯನ ಕಾಲು ಸಾಲದು. ಆದ್ದರಿಂದ ಬೆಂಕಿಗಿಂತ ಮೇಲೆ ಯಾರೂ ನಿಲ್ಲಬಾರದು. ಮಗ್ಗುಲಿನಿಂದ, ಆಗಲೇ ಸುಟ್ಟ ನೆಲಕ್ಕೆ ಬೆನ್ನು ಕೊಟ್ಟು, ಹಸಿ ಸೊಪ್ಪಿನ ಕೊಂಬೆಯಿಂದ ಒತ್ತುತ್ತಾ ಹೋಗುವುದು. ಎತ್ತಿ ಎತ್ತಿ ಬಡಿದರೆ ಕಿಡಿ ಹಾರುತ್ತದೆ, ಒತ್ತಬೇಕು. ಹತ್ತಿಬಟ್ಟೆ, ಕಾಲಿಗೆ ಬೂಟು. ಟೆರಿಲಿನ್ ಅಂಗಿಯವರನ್ನು ನೀರು ಹೊರುವ ಕೆಲಸಕ್ಕೆ ಹಾಕುತ್ತೇವೆ. ಎದುರು ಬೆಂಕಿ, ಅಂದರೆ ಬರುವ ಬೆಂಕಿಗೆ ಎದುರಾಗಿ ನಾವೇ ಹಚ್ಚುವ ಬೆಂಕಿ, ಕೊಡುವುದು ಇಲಾಖೆಯವರು ಇದ್ದಾಗ ಮಾತ್ರ, ಅವರು ಹೇಳಿದರೆ ಮಾತ್ರ. ಸಾಧ್ಯವಾದರೆ ಸಂಜೆಯವರೆಗೆ ಕಾದು ಗಾಳಿ ಇಳಿದ ಮೇಲೆ ಕೈಹಾಕುವುದು ಮೇಲು.

ಭಾರತೀಯ ಅರಣ್ಯ ಸಮೀಕ್ಷೆಯಲ್ಲಿ ಹೆಸರು ನೋಂದಾಯಿಸಿದರೆ ಉಪಗ್ರಹ ಕಂಡ ಬೆಂಕಿಯ ಎಚ್ಚರಿಕೆ ಮೊಬೈಲಿಗೆ ಬರುತ್ತದೆ. ಹುಡುಗರು ಅದನ್ನೇ ನಂಬಿ ಕೂತದ್ದುಂಟು. ಉಪಗ್ರಹದಲ್ಲಿದ್ದು ಬೆಂಕಿ ಗುರುತಿಸುವ ವೀರ್ಸ್ ಉಪಕರಣದ ಒಂದು ಚುಕ್ಕೆ ಎಂದರೆ ನೆಲದ ಮೇಲೆ 375 ಮೀಟರ್ ಅಗಲದ ಜಾಗ. ಅದು ನಮ್ಮ ಮೇಲೆ ಹಾಯುವುದು ಮಧ್ಯಾಹ್ನ 1.30ರ ಸುಮಾರಿಗೆ, ಮತ್ತೆ ನಡುರಾತ್ರಿ ದಾಟಿದ ಮೇಲೆ. ಮೂರು ಗಂಟೆಗೆ ಹತ್ತಿದ ಬೆಂಕಿ ಅದಕ್ಕೆ ಕಾಣುವಷ್ಟರಲ್ಲಿ ನಮ್ಮ ಊರು ಮಲಗಿರುತ್ತದೆ. ಯಾವ ಬೆಟ್ಟ ಯಾವ ವರ್ಷ ಸುಟ್ಟಿತು ಎಂದು ಲೆಕ್ಕ ಇಡಲು ಅದು ಒಳ್ಳೆಯದು. ಹೊಗೆ ಮೊದಲು ಕಾಣುವುದು ಗೊನೆ ಕೊಯ್ಯಲು ಅಡಿಕೆ ಮರ ಹತ್ತಿದ ಕೊನೆಗೌಡನಿಗೆ, ಹಾಲು ಡೇರಿಗೆ ಹೋಗುವವರಿಗೆ. ಅವರ ನಂಬರುಗಳು ವಾಟ್ಸಾಪ್ ಗುಂಪಿನಲ್ಲಿವೆ.

ಈ ಸಲದ ತಕರಾರು ಅಕೇಶಿಯಾ ಗಡಿಯದು. ನೆಡುತೋಪಿನ ಒಳಗೆ ಇನ್ನೂ ಹತ್ತಡಿ ಬಿಡಿಸಿಕೊಡಿ ಎಂದು ಕೇಳಿದ್ದೇವೆ. ಆಗದಿದ್ದರೆ ನಮ್ಮ ಕಡೆಯಿಂದಲೇ ಇಪ್ಪತ್ತು ಅಡಿ ಮಾಡಬೇಕು, ಅಂದರೆ ಕೊಯ್ಲಿನ ಮಧ್ಯೆ ಇನ್ನಷ್ಟು ಆಳು. ಕೊನೆಗೌಡ ಸಿಗದ ದಿನ ನೋಡಿ ಎಲ್ಲರೂ ಬೆಟ್ಟಕ್ಕೆ ಹೋಗುವುದು ಎಂದು ಸದ್ಯಕ್ಕೆ ಮಾತಾಗಿದೆ.